ತೆಂಗಿನ ನೀರು ಕುಡಿದ ಭಂಡಾರ

ಒಡೆದ ತೆಂಗಿನಕಾಯಿಯ ವಾಸನೆ ನನಗೆ ಸೇರುವುದಿಲ್ಲ. ಪ್ರಸಾದದ ಚೂರನ್ನು ಕಿಸೆಗೆ ಹಾಕಿಕೊಂಡು ಆಮೇಲೆ ಕಾಗೆಗೆ ಎಸೆಯುವವನನ್ನು ನಮ್ಮ ಗದಗಿನಲ್ಲಿ ನಾಸ್ತಿಕನೆನ್ನುತ್ತಾರೆ. ನಾನು ನಾಸ್ತಿಕನಲ್ಲ, ಅಷ್ಟು ಓದಿಲ್ಲ. ಇವತ್ತು ಆಫೀಸಿನ ಖಂಡೇಪೂಜೆಯಲ್ಲಿ, ಅಂದರೆ ಆಯುಧಪೂಜೆಯಲ್ಲಿ, ಕಾಯಿ ಒಡೆದ ಸಪ್ಪಳ ಕೇಳಿದ್ದೇ ಎಂದಿನಂತೆ ವರಾಂಡಕ್ಕೆ ಬಂದು ನಿಂತೆ. ಎಂದಿನಂತೆ ದಾವಲಸಾಬ ನೆನಪಾದ.

ದಾವಲಸಾಬ ಬೆಟಗೇರಿಯವನು. ಗಾದಿ ಹೊಲಿಯುವವರ ಮನೆತನ, ಮನೆಮಾತು ಕನ್ನಡವೇ. ಜಿಲ್ಲೆ ಹೊಸದಾಗಿ ಆದಮೇಲೆ ಊರಿನಲ್ಲಿ ಕಚೇರಿಗಳೂ ಝೆರಾಕ್ಸ್ ಅಂಗಡಿಗಳೂ ಬೆಳೆದಂತೆ ಒಂದು ಕಂಪ್ಯೂಟರ್ ಕಂಪನಿಯೂ ಹುಟ್ಟಿಕೊಂಡಿತ್ತು: ಒಬ್ಬ ಮಾಲಕರು, ನಾವಿಬ್ಬರು ನೌಕರರು, ಮೂವರಿಗೂ ಸಾಲದ ಒಂದು ಫ್ಯಾನು. ಕಣ್ಣು ಕಾಣದವರಿಗೆ ಕನ್ನಡ ಓದಿ ಹೇಳುವ ಸಾಫ್ಟ್‌ವೇರ್ ನಮ್ಮ ಸಾಹಸ. ದಾವಲಸಾಬನ ಅವ್ವನಿಗೆ ಕಣ್ಣು ಹೋಗಿದ್ದವು. ಕೈಯಿಂದಲೇ ತಡವಿ ಗಾದಿ ಹೊಲಿಯುತ್ತಿದ್ದಳು. ಈ ವಿಚಾರ ಅವನಿಗೆ ಹೊಳೆದದ್ದು ಅವಳಿಂದ. ದನಿಯೂ ಅವನದೇ. ಒಂದೊಂದೇ ಪದವನ್ನು ಅವನು ಮೈಕಿಗೆ ಹೇಳುವುದು, ನಾನು ಜೋಡಿಸುವುದು. ಮೈಕಿನ ಮುಂದೆ ಕುಳಿತರೆ ಅವನು ಶುದ್ಧ ರೇಡಿಯೊ. ಎದ್ದರೆ ಶುದ್ಧ ಬೆಟಗೇರಿ.

ಕೆಲಸವೆಲ್ಲ ಒಂದು ಭಂಡಾರದಲ್ಲಿರುತ್ತಿತ್ತು. ರಿಪಾಸಿಟರಿ ಎಂದು ಅದರ ಪೇಟ ಸುತ್ತಿದ ಹೆಸರು. ಯಾರು ಏನು ತಿದ್ದಿದರು, ಯಾಕೆ ತಿದ್ದಿದರು, ತಿದ್ದುವ ಮೊದಲು ಹೇಗಿತ್ತು, ಎಲ್ಲವೂ ಅದರಲ್ಲಿ ಉಳಿಯುತ್ತದೆ. ಚಿತ್ರಗುಪ್ತನ ಆಫೀಸಿನಲ್ಲೂ ಇಷ್ಟು ಶಿಸ್ತು ಇರಲಾರದು. ಆಫೀಸಿಗೆ ಬೆಂಕಿ ಬಿದ್ದರೂ ಉಳಿಯಲೆಂದು ಭಂಡಾರದ ಒಂದು ನಕಲು ಸಣ್ಣ ಡಿಸ್ಕಿನಲ್ಲಿ, ಅವ್ವನ ಪೆಟ್ಟಿಗೆಯ ಅರಳೆಯೊಳಗೆ ಮಲಗಿರುತ್ತಿತ್ತು. ಎರಡೂ ಒಂದೇ ಕಡೆ ಇರಕೂಡದೆಂಬ ನಿಯಮ ಮಾಡಿದವನು ದಾವಲಸಾಬನೇ.

ಒಂದು ಬೇಸಿಗೆಯಲ್ಲಿ ಅವನ ಗಂಟಲು ಕಟ್ಟಿತು. ಮದ್ದು, ಕಷಾಯ, ದರ್ಗಾದ ನೀರು, ಯಾವುದಕ್ಕೂ ಬಿಡಲಿಲ್ಲ. ಶ್ರಾವಣದ ಹೊತ್ತಿಗೆ ಹುಬ್ಬಳ್ಳಿಯ ಡಾಕ್ಟರು, ಜೀವ ಬೇಕಾದರೆ ದನಿ ಬಿಡಬೇಕೆಂದರು. ಆಪರೇಶನ್ನಿನ ಹಿಂದಿನ ವಾರ ಅವನು ಮೈಕನ್ನು ಮನೆಗೆ ಒಯ್ದ. ಈ ಸಲ ಕಂಪನಿಗಾಗಿ ಅಲ್ಲ. ಅವ್ವನನ್ನು ಕರೆಯುವುದು, ಉಂಡಿಯೇನು ಎಂದು ಕೇಳುವುದು, ರೇಗುವುದು, ರೇಗಿದ ಮೇಲೆ ರಮಿಸುವುದು, ಎಲ್ಲವನ್ನೂ ಹೇಳಿ ಭಂಡಾರಕ್ಕೆ ಸೇರಿಸಿದ. ಮುಂದೆ ತಾನು ಟೈಪು ಮಾಡಿದರೆ ಯಂತ್ರ ತನ್ನ ದನಿಯಲ್ಲಿ ಅವಳ ಜೊತೆ ಮಾತಾಡಬೇಕು. ನಮಗಾದರೆ ಅವನು ಪಾಟಿಯ ಮೇಲೆ ಬರೆದು ತೋರಿಸಬಹುದು. ಕಾಣದ ಅವ್ವನಿಗೆ ಪಾಟಿಯಿಂದೇನು?

ಖಂಡೇಪೂಜೆಗೆ ಕೊರಳಿಗೆ ಬಿಳಿ ಬಟ್ಟೆ ಸುತ್ತಿಕೊಂಡು ಬಂದ. ಕೈಯಲ್ಲಿ ಮನೆಯ ಡಿಸ್ಕು. ಇದನ್ನೇಕೆ ತಂದೆ ಎಂದರೆ ಪಾಟಿಯ ಮೇಲೆ ಬರೆದ: ‘ಇದೂ ದುಡದೈತಿ. ಒಂದ ಹೂವ ಬ್ಯಾಡೇನು?’

ಒಪ್ಪಬೇಕಾದ ಮಾತು. ಕುಡುಗೋಲಿಗೂ ತಕ್ಕಡಿಗೂ ಟಂಟಂ ಗಾಡಿಗೂ ಕುಂಕುಮ ಹಚ್ಚುವ ದಿನ, ಅರಳೆಯಲ್ಲಿ ಕೂತು ಕಾವಲು ಕಾದದ್ದಕ್ಕೆ ಇಲ್ಲವೆಂದರೆ ಅನ್ಯಾಯ. ಭಂಡಾರವಿದ್ದ ಆಫೀಸಿನ ದೊಡ್ಡ ಯಂತ್ರಕ್ಕೆ ಅದನ್ನು ಜೋಡಿಸಿ, ಎರಡಕ್ಕೂ ಸೇರಿ ಒಂದೇ ಹಾರ ಹಾಕಿ, ಒಳ್ಳೆಯ ಗಳಿಗೆಯೆಂದು ಹೊಸ ನಕಲನ್ನೂ ಶುರುಮಾಡಿದೆವು. ಮಾಲಕರು ಮೇಜಿನ ಅಂಚಿಗೆ ಕಾಯಿ ಒಡೆದರು. ಎಳೆಯ ಕಾಯಿ, ನೀರು ಧಾರಾಳ. ಯಂತ್ರ ಚಟ್ ಎಂದಿತು. ಸುಟ್ಟ ವಾಸನೆ ಊದಿನಕಡ್ಡಿಯದಲ್ಲವೆಂದು ತಿಳಿಯುವಷ್ಟರಲ್ಲಿ ಮಂಗಳಾರತಿ ಮುಗಿದಿತ್ತು.

ಹುಬ್ಬಳ್ಳಿಯ ಡಿಸ್ಕುವೈದ್ಯರು ಎರಡನ್ನೂ ಬಿಚ್ಚಿ ನೋಡಿ, ಯಾವುದೂ ಬದುಕುವುದಿಲ್ಲ ಎಂದರು. ಉಳಿದವರು ಮುಂಡರಗಿಯ ಮಾಸ್ತರರು. ಕಣ್ಣು ಕಾಣದ ಅವರು ನಮ್ಮ ಕೆಲಸವನ್ನು ಪರೀಕ್ಷಿಸಲೆಂದು ಆಗಾಗ ಭಂಡಾರವನ್ನೇ ಇಳಿಸಿಕೊಳ್ಳುತ್ತಿದ್ದರು. ಈ ಏರ್ಪಾಡಿನ ದೊಡ್ಡಗುಣವೆಂದರೆ, ನಕಲಿನ ಜೊತೆಗೆ ಅದುವರೆಗಿನ ಇತಿಹಾಸವೆಲ್ಲ ಬರುತ್ತದೆ. ಇಬ್ಬರೂ ಬಸ್ಸು ಹತ್ತಿದೆವು.

ನಾನು ನಡೆದದ್ದನ್ನು ಹೇಳಿದೆ. ಮಾಸ್ತರರು ತಡವಿ ಅವನ ಕೈ ಹಿಡಿದುಕೊಂಡರು. ಆಮೇಲೆ ಹೇಳಿದರು: ‘ನಿನಗ ಮಾತಿಲ್ಲ, ನನಗ ನಿನ್ನ ಪಾಟಿ ಕಾಣೂದಿಲ್ಲ. ಚಲೋ ಜೋಡಿ ಆತು ನಮ್ದು.’

ಭಂಡಾರ ಅವರಲ್ಲಿತ್ತು. ಆದರೆ ಆಷಾಢದಲ್ಲಿ ಇಳಿಸಿಕೊಂಡದ್ದು. ಆಮೇಲೆ ನೆಟ್ ಸರಿಯಿಲ್ಲವೆಂದು ಬಿಟ್ಟಿದ್ದರು. ಮನೆಯ ಮಾತುಗಳು ಶ್ರಾವಣದವು. ಕಂಪನಿ ಉಳಿಯಿತು.

ಇದ್ದದ್ದಾದರೂ ಸರಿಯಿದೆಯೇ ಎಂದು ಕೊನೆಯಿಂದ ಹಿಂದಕ್ಕೆ ಕೇಳುತ್ತ ಹೋದೆವು. ಒಂದೊಂದು ತಿದ್ದುಪಡಿಗೂ ಅವನು ಕಾರಣ ಬರೆದಿದ್ದ: ‘ದನಿ ಒಡದೈತಿ, ಮತ್ತ ಹೇಳೀನಿ.’ ‘ಕೆಮ್ಮು ತಗದೀನಿ.’ ಹಿಂದಕ್ಕೆ ಹೋದಂತೆ ಕೆಮ್ಮು ಇಳಿಯಿತು, ದನಿ ತಿಳಿಯಾಯಿತು. ಯಾವ ಡಾಕ್ಟರಿಗೂ ಆಗದ್ದು ನಮ್ಮ ಭಂಡಾರದಿಂದ ಆಗುತ್ತಿತ್ತು. ಮೊಟ್ಟಮೊದಲ ‘ನಮಸ್ಕಾರ’ಕ್ಕೆ ಬಂದಾಗ ದಾವಲಸಾಬ ಪೂರ್ತಿ ಗುಣವಾಗಿದ್ದ. ಅದರ ಬಾಲದಲ್ಲಿ, ಮೈಕು ಆರಿಸುವ ಮೊದಲು ಅವನು ನನಗೆ ಅಂದ ಒಂದು ಮಾತು ಉಳಿದುಕೊಂಡಿತ್ತು: ‘ಸಾಕ ಬಿಡಲೇ, ಚಾ ತರಸು.’

ಬೆಟಗೇರಿಯಲ್ಲಿ ಅವ್ವ ಗಾದಿಯ ಅಂಚು ಹೊಲಿಯುತ್ತ ಕೂತಿದ್ದಳು. ಅವನು ಯಂತ್ರದಲ್ಲಿ ಉಳಿದಿದ್ದ ಪದಗಳನ್ನೇ ಆಯ್ದು ಟೈಪು ಮಾಡಿದ. ಯಂತ್ರ ಅವನ ದನಿಯಲ್ಲಿ, ‘ದಯವಿಟ್ಟು ನೀರು ಕೊಡಿ’ ಎಂದಿತು. ಹುಟ್ಟಿದಾಗಿನಿಂದ ಆ ಮನೆಯಲ್ಲಿ ಅವನು ದಯವಿಟ್ಟು ಎಂದವನಲ್ಲ. ಅವ್ವ ಸೆರಗು ಸರಿಮಾಡಿಕೊಂಡು ಎದ್ದಳು.

‘ಯಾರೋ ಸಾಹೇಬ್ರು ಬಂದಾರ. ದನಿ ನಮ್ಮ ದಾವಲಂದ ಇದ್ದಂಗ ಐತಿ.’

ನಾನು ಗಡಿಬಿಡಿಯಿಂದ ಚಹಾದ ಮಾತನ್ನು ಹಚ್ಚಿದೆ. ಎದ್ದಿದ್ದ ಅವ್ವ ತಿರುಗಿ ಕೂತಳು. ಮತ್ತೊಮ್ಮೆ ಹಚ್ಚೆಂದಳು. ಮತ್ತೊಮ್ಮೆ ಕೇಳಿ ಸೂಜಿಯನ್ನು ಗಾದಿಗೆ ಚುಚ್ಚಿಟ್ಟಳು.

‘ಖರೇ, ಇವ ನನ್ನ ಮಗ. ಆದ್ರ ಇದು ನಿನಗ ಅಂದದ್ದಪಾ. ನನಗ ಅಂದದ್ದು ಎಲ್ಲೈತಿ?’

ದಾವಲಸಾಬ ಪಾಟಿ ಎತ್ತಿಕೊಂಡ. ಆಮೇಲೆ ಕೆಳಗಿಟ್ಟ.

ಮುಂದಿನ ಬೇಸಿಗೆಯನ್ನು ಅವನು ಕಾಣಲಿಲ್ಲ. ಮಣ್ಣು ಕೊಟ್ಟ ಮರುದಿನ ನಾನು ಯಂತ್ರವನ್ನು ಒಯ್ದಾಗ ಅವ್ವ ಅದನ್ನು ತಡವಿ ನೋಡಿ ತಿರುಗಿ ನನ್ನ ಕಡೆ ದೂಡಿದಳು. ‘ನಿನ್ನ ಹಂತ್ಯಾಕ ಇರಲಿ. ಅದು ನಿಂದು.’

ಈಗ ನಮ್ಮ ಭಂಡಾರದ ನಕಲು ಲಕ್ಷ್ಮೇಶ್ವರದಲ್ಲಿ ನನ್ನ ತಂಗಿಯ ಮನೆಯಲ್ಲಿದೆ. ಅದಕ್ಕೆ ಯಾವ ವರ್ಷವೂ ಹೂವಿಲ್ಲ, ಕುಂಕುಮವಿಲ್ಲ. ದಾವಲಸಾಬನ ಆ ಮಾತನ್ನು ನಾನೂ ಮತ್ತೆ ಕೇಳಿರಲಿಲ್ಲ. ಇವತ್ತು ಪೂಜೆ ಮುಗಿದು ಎಲ್ಲರೂ ಊಟಕ್ಕೆ ಹೋದಮೇಲೆ ಒಳಗೆ ಬಂದೆ. ನೆಲದ ಮೇಲೆ ತೆಂಗಿನ ನೀರು ಇನ್ನೂ ಆರಿರಲಿಲ್ಲ. ಮೊಟ್ಟಮೊದಲ ‘ನಮಸ್ಕಾರ’ವನ್ನು ಹುಡುಕಿ ಹಚ್ಚಿದೆ, ಕೊನೆಯವರೆಗೂ ಕೇಳಿದೆ.

ಚಹಾ ತರಿಸಿದೆ.