ಮೇಬಲ್‌ಗೆ ಕಟ್ಟಿದ ಪರದೆ

ಅರ್ಲೀನ್ ಟ್ಯಾಕೆಟ್‌ಳ ಕಣ್ಣು ತಪ್ಪಿಸಿ ಏನಾದರೂ ಮಾಡುವುದು ಲೇಕ್‌ಲ್ಯಾಂಡಿನ ಮಕ್ಕಳಿಗೆ ಸಾಧ್ಯವೇ ಇರಲಿಲ್ಲ. ಶಾಲಾ ಬಸ್ಸು ಓಡಿಸುತ್ತಾ, ಎದುರಿನ ರಸ್ತೆಯನ್ನು ನೋಡಿದಷ್ಟೇ ತಲೆಯ ಮೇಲಿನ ದೊಡ್ಡ ಕನ್ನಡಿಯನ್ನೂ ನೋಡುತ್ತಾ ಕೂದಲು ನರೆಸಿಕೊಂಡವಳು ಅವಳು. ಹಿಂದಿನ ಸೀಟಿನಲ್ಲಿ ಯಾರಾದರೂ ಚೂಯಿಂಗ್ ಗಮ್ ಅಂಟಿಸಲು ಕೈ ಚಾಚಿದರೆ ಸಾಕು, ಹೆಸರು ಹಿಡಿದು ಕೂಗುವಳು. ಮನೆಯಲ್ಲೂ ಅದೇ ಚಟ. ಕಳೆದ ಚಳಿಗಾಲ ಗಂಡ ರಾಯ್ಸ್ ಹೃದಯಾಘಾತವಾಗಿ ಬದುಕಿ ಬಂದ ಮೇಲಂತೂ ಅವನು ಉಪ್ಪು ಉದುರಿಸಿಕೊಂಡರೂ ಕೆಮ್ಮಿದರೂ ಅವಳ ಕಾವಲಿನಲ್ಲೇ. ಒಬ್ಬನೇ ಮೀನು ಹಿಡಿಯಲು ಹೋಗುತ್ತೇನೆಂದು ಅವನು ಬಾಯಿ ತೆರೆಯುವಷ್ಟರಲ್ಲಿ ಇವಳು ಮಡಚುವ ಕುರ್ಚಿ ಹೊತ್ತು ಅವನ ಪಿಕಪ್ ಗಾಡಿಯಲ್ಲಿ ಕೂತಿರುತ್ತಿದ್ದಳು.

ಇಂಥವಳು ಸಾಕಿದ್ದು ಊಸರವಳ್ಳಿಯನ್ನು. ಮೇಬಲ್ ಎಂದು ಹೆಸರು. ಮುಟ್ಟಿದರೆ ಸಿಡಿಮಿಡಿಗೊಳ್ಳುವ ಪ್ರಾಣಿ. ಅದನ್ನು ಸಾಕುವುದು ನೋಡುವುದಕ್ಕಷ್ಟೇ. ಅರ್ಲೀನ್‌ಗೆ ಬೇಕಾಗಿದ್ದೂ ಅದೇ. ಪಂಜರದ ಮುಂದೆಯೇ ಅವಳ ಕಾಫಿ, ಅವಳ ಊಟ.

ಅಂಥ ಮೇಬಲ್ ಒಂದು ದಿನ ಮಿಡತೆ ಮುಟ್ಟಲಿಲ್ಲ. ಹಸಿರು ಮೈ ಕಪ್ಪಿಗೆ ತಿರುಗಿ, ಮೇಲೆ ಹಳದಿ, ನೀಲಿ ಚುಕ್ಕೆಗಳು ಎದ್ದವು. ಕೊಂಬೆ ಬಿಟ್ಟಿಳಿದು ಪಂಜರದ ತಳದಲ್ಲಿ ಆ ಮೂಲೆಯಿಂದ ಈ ಮೂಲೆಗೆ ತಿರುಗತೊಡಗಿತು. ಸೆಕೆಯಿರಬೇಕೆಂದು ಅರ್ಲೀನ್ ದೀಪ ಬದಲಿಸಿದಳು. ಬಾಯಾರಿಕೆಯಿರಬೇಕೆಂದು ನೀರು ಚಿಮುಕಿಸಿದಳು. ತಿರುಗಾಟ ನಿಲ್ಲಲಿಲ್ಲ. ಕೊನೆಗೆ ಬುಟ್ಟಿಯಲ್ಲಿಟ್ಟುಕೊಂಡು, ಹಲ್ಲಿ ಹಾವುಗಳ ವೈದ್ಯೆ ಡಾಕ್ಟರ್ ಇತುರ್ಬೆಯ ಬಳಿಗೆ ಓಡಿದಳು.

ಎಕ್ಸ್‌ರೇ ನೋಡಿ ಡಾಕ್ಟರ್ ನಕ್ಕರು. "ಹೊಟ್ಟೆ ತುಂಬ ಮೊಟ್ಟೆ, ಅರ್ಲೀನ್."

"ಗಂಡಿನ ಮುಖಾನೇ ನೋಡಿಲ್ವಲ್ಲ ಡಾಕ್ಟ್ರೇ ಇದು!"

"ಹುಂಜ ಇಲ್ದೇನೂ ಕೋಳಿ ಮೊಟ್ಟೆ ಇಡಲ್ವಾ? ಹಾಗೇ." ಅವರ ನಗು ನಿಂತಿತು. "ಇದು ಮಣ್ಣು ತೋಡಿ, ಒಳಗೆ ಮೊಟ್ಟೆ ಇಡ್ಬೇಕು. ಬಕೆಟ್ಟಲ್ಲಿ ಒದ್ದೆ ಮರಳು ತುಂಬಿ ಇಡಿ. ಪಂಜರದ ಸುತ್ತ ಬೆಡ್‌ಶೀಟ್ ಕಟ್ಟಿ. ಯಾರೋ ನೋಡ್ತಿದ್ದಾರೆ ಅನ್ನಿಸಿದ್ರೆ ಅಗೆಯೋದು ಬಿಟ್ಬಿಡುತ್ತೆ. ಮೊಟ್ಟೆ ಒಳಗೇ ಉಳಿದ್ರೆ ಸಾಯುತ್ತೆ."

"ಅಲ್ಲ, ನೋಡ್ದೇ ಇದ್ರೆ ಹೇಗಿದೆ ಅಂತ ನಂಗೆ ಗೊತ್ತಾಗೋದು ಹೇಗೆ?"

"ಹಗಲಲ್ಲಿ ಕಣ್ಮುಚ್ಚಿ ಬಿದ್ಕೊಂಡ್ರೆ ತಕ್ಷಣ ಕರ್ಕೊಂಡು ಬನ್ನಿ. ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ ನೋಡಿ. ಅಷ್ಟೇ."

ಅಷ್ಟೇ! ಬೇರೆ ಯಾರಿಗಾದರೂ ಹೇಳಬಹುದಿತ್ತು ಆ ಮಾತನ್ನು.

ಪಂಜರದೊಳಗೆ ಮರಳಿನ ಬಕೆಟ್ ಇಟ್ಟು, ಸುತ್ತ ಹೂವಿನ ಚಿತ್ರದ ಬೆಡ್‌ಶೀಟ್ ಕಟ್ಟಿದ್ದಾಯಿತು. ಒಳಗೆ ಪರಪರ ಕೆರೆಯುವ ಸದ್ದು. ಅರ್ಲೀನ್ ಪಾತ್ರೆ ತೊಳೆದಳು, ತೊಳೆದದ್ದನ್ನೇ ಮತ್ತೆ ತೊಳೆದಳು. ಸದ್ದು ನಿಂತಿತು. ಕಣ್ಣು ಮುಚ್ಚಿ ಬಿದ್ದಿದ್ದರೆ? ಬೆಡ್‌ಶೀಟಿನ ಅಂಚು ಎತ್ತಿದಳು. ಗುಂಡಿಯಲ್ಲಿ ಅರ್ಧ ಇಳಿದಿದ್ದ ಮೇಬಲ್ ಹಿಮ್ಮುಖವಾಗಿ ಹತ್ತಿ ಬಂದು ಕೊಂಬೆ ಸೇರಿತು.

ಮರುದಿನ ಮತ್ತೆ ಪರಪರ ಶುರುವಾದಾಗ ಅವಳು ಕತ್ತರಿ ತಂದು, ಬಟ್ಟೆಯಲ್ಲೊಂದು ಸಣ್ಣ ತೂತು ಮಾಡಿ ಕಣ್ಣಿಟ್ಟಳು. ಮೇಬಲ್‌ನ ಒಂದು ಕಣ್ಣು ಮರಳಿನ ಮೇಲಿತ್ತು. ಇನ್ನೊಂದು ಮೆಲ್ಲಗೆ ತಿರುಗಿ ನೇರವಾಗಿ ತೂತಿಗೇ ಬಂದು ನಿಂತಿತು. ಎರಡನೇ ಗುಂಡಿಯೂ ಹಾಳಾಯಿತು. ಅರ್ಲೀನ್ ನೆಲದ ಮೇಲೆ ಕೂತು ಅತ್ತುಬಿಟ್ಟಳು.

ರಾಯ್ಸ್ ಬಾಗಿಲಲ್ಲಿ ನಿಂತು ನೋಡಿದ. "ಪಾಪ, ಅದಕ್ಕೆ ಮರೆಯಾಗೋಕೆ ಬೆಡ್‌ಶೀಟಾದ್ರೂ ಇದೆ. ನಂಗೂ ಒಂದು ಕಟ್ಟೇ, ಪುಣ್ಯ ಬರುತ್ತೆ."

"ತಮಾಷೆ ಮಾಡ್ಬೇಡ. ಸತ್ತುಹೋದ್ರೆ?"

"ನೀನು ನೋಡ್ತಾ ಇದ್ರೆ ಸಾಯಲ್ವಾ?" ಅವನ ದನಿಯಲ್ಲಿ ತಮಾಷೆ ಇರಲಿಲ್ಲ. "ನಾನು ಬಿದ್ದಾಗ್ಲೂ ನೀನು ಎದುರಿಗೇ ಕೂತಿದ್ದೆ ಕಣೇ. ನಿನ್ನ ಕಣ್ಣು ತಡೀತಾ ಅದನ್ನ?"

ಅರ್ಲೀನ್ ನೆಲದಿಂದ ಎದ್ದಳು. ತೂತಿಗೆ ಟೇಪ್ ಅಂಟಿಸಿದಳು.

ಮರುದಿನ ಬೆಳಿಗ್ಗೆ ಒಂದು ಸಲ ನೋಡಿದಳು. ಮೇಬಲ್‌ನ ಕಣ್ಣು ತೆರೆದೇ ಇತ್ತು. ಮಕ್ಕಳನ್ನು ಇಳಿಸಿದ ಮೇಲೆ ಎಂದಿನಂತೆ ಮನೆಗೆ ಬರದೆ ಬಸ್ಸು ನಿಲ್ಲಿಸುವ ಬಯಲಿನಲ್ಲೇ ಉಳಿದಳು. ಕಾಲು ಒಂದೆಡೆ ನಿಲ್ಲಲೊಲ್ಲದು. ಖಾಲಿ ಬಸ್ಸಿನೊಳಗೆ ಹಿಂದಕ್ಕೂ ಮುಂದಕ್ಕೂ ನಡೆದಳು, ಪಂಜರದ ತಳದಲ್ಲಿ ಮೇಬಲ್ ಸುತ್ತಿದ ಹಾಗೆಯೇ. ಮನೆಗೆ ಫೋನ್ ಮಾಡಲು ಹೊರಟು ಕೈ ತಡೆದುಕೊಂಡಳು. ಸಂಜೆ ಮಕ್ಕಳನ್ನು ಮನೆ ಮುಟ್ಟಿಸಿ ಬಂದು ಬೆಡ್‌ಶೀಟ್ ಎತ್ತಿದಳು.

ಬಕೆಟ್ಟಿನ ಮರಳು ಅದುಮಿ ಸಮ ಮಾಡಿದಂತಿತ್ತು. ಕೊಂಬೆಯ ಮೇಲೆ ಮೈಯೆಲ್ಲ ಮರಳು ಮೆತ್ತಿಕೊಂಡ ಮೇಬಲ್. ಹೊಟ್ಟೆ ಬತ್ತಿಹೋಗಿ ಸೊರಗಿತ್ತು, ಕಣ್ಣು ಮಾತ್ರ ಪೂರ್ತಿ ತೆರೆದಿತ್ತು. ಅರ್ಲೀನ್ ನೀರು ತೊಟ್ಟಿಕ್ಕಿಸಿದಳು. ಅದು ಕುಡಿದೇ ಕುಡಿಯಿತು. ಕ್ಯಾಲ್ಸಿಯಂ ಪುಡಿ ಹಚ್ಚಿದ ಮಿಡತೆ ಬಿಟ್ಟಾಗ ನಾಲಿಗೆ ಚಿಮ್ಮಿತು.

"ಇಟ್ಬಿಟ್ಟಿದೆ ರಾಯ್ಸ್! ಯಾರೂ ನೋಡ್ದೇನೇ ಇಟ್ಬಿಟ್ಟಿದೆ!"

ಶನಿವಾರ ಬೆಳಿಗ್ಗೆ ರಾಯ್ಸ್ ಗಾಳದ ಕೋಲು ಕೈಗೆತ್ತಿಕೊಂಡ. ಅಭ್ಯಾಸಬಲದಿಂದ ಅರ್ಲೀನ್ ಮಡಚುವ ಕುರ್ಚಿ ಎತ್ತಿಕೊಂಡವಳು, ಬಾಗಿಲವರೆಗೆ ಬಂದು ಅದನ್ನು ಗೋಡೆಗೆ ಒರಗಿಸಿದಳು.

"ಮಾತ್ರೆ ಇಟ್ಕೊಂಡ್ಯಾ?"

"ಹೂಂ."

"ಫೋನು?"

"ಅದೂ ಇದೆ ಕಣೇ." ಅವನು ಒರಗಿಸಿದ ಕುರ್ಚಿಯನ್ನು ನೋಡಿದ, ಅವಳನ್ನು ನೋಡಿದ, ಕೋಲು ಹೆಗಲಿಗಿಟ್ಟು ಹೊರಟ.

ಅವಳಿಗೆ ಹೆದರಿಕೆಯಾಗಿತ್ತು. ಪಿಕಪ್ ಬೀದಿಗಿಳಿಯುವ ಮೊದಲೇ ಒಳಗೆ ಬಂದು ಅಡುಗೆಮನೆ ಕಿಟಕಿಯ ಪರದೆಯನ್ನು ತಾನೇ ಎಳೆದು ಮುಚ್ಚಿದಳು. ಅದಕ್ಕೆ ಬೆನ್ನು ಮಾಡಿ ಕೂತು, ಗಾಡಿಯ ಸದ್ದು ದೂರವಾಗುವುದನ್ನು ಕೇಳಿಸಿಕೊಂಡಳು.