ಕೊಡಿಯಾಲ್‌ಬೈಲಿನಲ್ಲಿ ಹೆಪ್ಪುಗಟ್ಟಿದ ನೀರು

ನನ್ನ ಗಂಡ ಫೋಟೋ ತೆಗೆಯುವವರು. ಮಂಗಳೂರಿನ ಕೊಡಿಯಾಲ್‌ಬೈಲಿನಲ್ಲಿ ನಮ್ಮ ಮನೆಯ ಮುಂದಿನ ಚಾವಡಿಯೇ ಅವರ ಸ್ಟುಡಿಯೋ. ಮಾಡಿನಲ್ಲಿ ಒಂದು ಸಾಲು ಹಂಚು ತೆಗೆಸಿ ಗಾಜಿನ ಹಂಚು ಹಾಕಿಸಿದ್ದರು. ಆ ಬೆಳಕಿನಲ್ಲಿ ಊರಿನ ಮದುಮಕ್ಕಳು, ಪೆನ್ಶನ್ ಆದ ಗುಮಾಸ್ತರು, ಹಲ್ಲು ಬಾರದ ಶಿಶುಗಳು ಎಲ್ಲರೂ ಉಸಿರು ಬಿಗಿಹಿಡಿದು ಕೂತು ಹೋಗಿದ್ದಾರೆ. "ಅಲ್ಲಾಡಬೇಡಿ" ಎಂಬುದು ಅವರು ದಿನದಲ್ಲಿ ಅತಿ ಹೆಚ್ಚು ಸಲ ಹೇಳುತ್ತಿದ್ದ ಮಾತು. ಮದುವೆಯಾದ ಹೊಸತರಲ್ಲಿ ಒಮ್ಮೆ ನಿದ್ದೆಯಲ್ಲೂ ಹೇಳಿದ್ದರು. ನಾನು ಪಾಪ, ಬೆಳಗಿನ ತನಕ ಮಗ್ಗುಲು ಬದಲಿಸಿರಲಿಲ್ಲ.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಎರಡು ವರ್ಷ ಮೊದಲು, ದೀಪಾವಳಿ ಕಳೆದ ಮೇಲೆ, ಕಾಲೇಜಿನಲ್ಲಿ ವಿಜ್ಞಾನ ಕಲಿಸುವ ಮಾಸ್ಟ್ರೊಬ್ಬರು ನಮ್ಮಲ್ಲಿಗೆ ಬಂದರು. ಓದಲಿಕ್ಕೆಂದು ಬಿಳಿಯರ ಸೀಮೆಗೆ ಹೋಗಿ ಬಂದವರು. ಅಲ್ಲಿ ಚಳಿಗಾಲದಲ್ಲಿ ಒಂದು ಸರೋವರದ ದಡದಲ್ಲಿ ತಾವೇ ತೆಗೆದ ಫೋಟೋವನ್ನು ದೊಡ್ಡದು ಮಾಡಿಸಬೇಕಿತ್ತು. ನಾನೂ ಬಾಗಿಲ ಸಂದಿನಿಂದ ಇಣುಕಿದೆ. ಬಂಡೆಗಳ ಮೇಲೆ ಯಾರೋ ಬೆಲ್ಲದ ಪಾಕ ಸುರಿದು ಅದು ಇಳಿಯುತ್ತಿರುವಾಗಲೇ ಗಟ್ಟಿಯಾದ ಹಾಗಿತ್ತು. ದಡದ ಹುಲ್ಲಿನ ಒಂದೊಂದು ಕಡ್ಡಿಗೂ ಒಂದೊಂದು ಗಾಜಿನ ಬಳೆ.

ನನ್ನ ಗಂಡ ಭೂತಕನ್ನಡಿ ಹಿಡಿದು ನೋಡಿದರು. "ಇದೆಂತ, ಸುಣ್ಣವಾ?"

"ನೀರು," ಎಂದರು ಮಾಸ್ಟ್ರು. "ಅಲ್ಲಿ ಕೆರೆಯೇ ಗಟ್ಟಿ ಆಗ್ತದೆ. ಮೇಲೆ ನಡ್ಕೊಂಡು ಹೋಗ್ಬಹುದು. ಇಂಥದ್ದೆಲ್ಲ ನಿಮಗೆ ಇಲ್ಲಿ ತೆಗೀಲಿಕ್ಕೆ ಆಗ್ಲಿಕ್ಕಿಲ್ಲ ಬಿಡಿ."

ಅವರು ಹೇಳಿದ್ದರಲ್ಲಿ ಕೊಂಕು ಇರಲಿಲ್ಲ. ಆದರೆ ನನ್ನ ಗಂಡನಿಗೆ 'ಆಗ್ಲಿಕ್ಕಿಲ್ಲ' ಎಂದು ಹೇಳಬಾರದು. ಅದನ್ನು ನಾನು ಮದುವೆಯಾದ ಮೊದಲ ತಿಂಗಳಲ್ಲೇ, ಅವರು ಹಲಸಿನ ಮರ ಹತ್ತಿದ ದಿನ, ಕಲಿತಿದ್ದೆ. ಇಳಿಸಲಿಕ್ಕೆ ನಾಲ್ಕು ಜನ ಬೇಕಾಗಿತ್ತು.

ಮಾಸ್ಟ್ರ ಫೋಟೋ ದೊಡ್ಡದಾಗಿ ಅವರ ಮನೆಗೆ ಹೋದ ಮೇಲೂ ನನ್ನ ಗಂಡನ ತಲೆಯಿಂದ ಹೋಗಲಿಲ್ಲ. ಗಂಜಿ ಊಟಕ್ಕೆ ಕೂತವರು ತಟ್ಟೆಯಲ್ಲಿನ ತೆಳಿನೀರನ್ನು ಆಚೀಚೆ ವಾಲಿಸಿ ನೋಡುತ್ತಿದ್ದರು. ಕೊನೆಗೊಂದು ದಿನ ಪ್ರಕಟಣೆ ಬಂತು. "ಹಿತ್ತಿಲಲ್ಲಿ ಕೆರೆ ಉಂಟು. ಬಂದರಿನ ಕಾರ್ಖಾನೆಯಲ್ಲಿ ಐಸು ಉಂಟು. ನನ್ನ ಹತ್ರ ಕ್ಯಾಮೆರಾ ಉಂಟು. ಮತ್ತೆಂತ ಬೇಕು?"

"ಬುದ್ಧಿ," ಎಂದರು ಒಳಗಿನಿಂದ ಅತ್ತೆ. ನಮ್ಮದು ತುಳು ಮಾತಾಡುವ ಮನೆ, ನಾನು ಅವರನ್ನು ಮಾಮಿ ಎಂದೇ ಕರೆಯುವುದು. ಮಾಮಿಗೆ ಮಂಡಿನೋವು ಇತ್ತು, ಕಿವಿ ಮಾತ್ರ ಚುರುಕು.

ಡಿಸೆಂಬರಿನ ಒಂದು ಬೆಳಗ್ಗೆ, ಇನ್ನೂ ಮಂಜು ಹರಿಯುವ ಮೊದಲು, ಕೈಗಾಡಿಯಲ್ಲಿ ಐಸಿನ ದೊಡ್ಡ ಗಡ್ಡೆ ಬಂತು. ಗೋಣಿ ಸುತ್ತಿ, ಮರದ ಹುಡಿ ತುಂಬಿ, ಬಂದರಿನಿಂದ ಏರು ದಾರಿಯಲ್ಲಿ ತಳ್ಳಿಕೊಂಡು ತಂದಿದ್ದರು. ದಾರಿಯುದ್ದಕ್ಕೂ ನೀರಿನ ಗೆರೆ. ಆ ಗೆರೆ ಹಿಡಿದುಕೊಂಡು ಅರ್ಧ ಕೊಡಿಯಾಲ್‌ಬೈಲು ನಮ್ಮ ಹಿತ್ತಿಲಿಗೆ ಬಂದು ನಿಂತಿತು. ನನ್ನ ಗಂಡ ಕೆರೆಯ ಮೆಟ್ಟಿಲಿನ ಮೇಲೆ ಐಸನ್ನು ಇಡಿಸಿ, ಮೂರು ಕಾಲಿನ ಸ್ಟ್ಯಾಂಡು ನೆಟ್ಟು, ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿದರು. ಅವರ ತಲೆ ಒಳಗಿದ್ದಷ್ಟು ಹೊತ್ತು ಊರಿನವರು ಐಸನ್ನು ಮುಟ್ಟಿ ನೋಡಿದರು. ಕೆಲವರು ನೆಕ್ಕಿಯೂ ನೋಡಿದರು. ಮಾಮಿ ಮಾತ್ರ ಯಾವ ಅಂಜಿಕೆಯೂ ಇಲ್ಲದೆ ಒಂದು ಮೂಲೆಯನ್ನು ತೆಂಗಿನಕಾಯಿ ಒಡೆಯುವ ಕತ್ತಿಯಿಂದ ಹೊಡೆದು, ತುಂಡನ್ನು ಬಟ್ಟೆಯಲ್ಲಿ ಕಟ್ಟಿ ಮಂಡಿಗೆ ಇಟ್ಟುಕೊಂಡು ಕೂತರು. "ಇದೊಂದು ಉಪಕಾರ ಆಯ್ತು ನೋಡು," ಎಂದರು.

ಮಧ್ಯಾಹ್ನ ಕತ್ತಲೆಕೋಣೆಯಿಂದ ಫೋಟೋ ಹೊರಗೆ ಬಂತು. ಮೂವರೂ ನೋಡಿದೆವು.

"ಬಟ್ಟೆ ಒಗೆಯುವ ಕಲ್ಲು ಚೆಂದ ಬಂದಿದೆ," ಎಂದರು ಮಾಮಿ.

ನಾನು ನಗಬಾರದೆಂದು ಸೆರಗನ್ನು ಬಾಯಿಗೆ ತುರುಕಿದೆ. ಆದರೂ ಸದ್ದು ಬಂತು.

ವಾರ ಕಳೆದು ಇನ್ನೊಂದು ಗಡ್ಡೆ ತರಿಸಿದರು. ಈ ಸಲ ಉಳಿಯಿಂದ ಕೆತ್ತಿ, ಅದರ ಸುತ್ತ ದಡದ ಹುಲ್ಲು ಸಿಕ್ಕಿಸಿ, ಸೀಮೆಯ ಸರೋವರದ ಹಾಗೆ ಮಾಡುವ ಉಪಾಯ. ಕೆತ್ತಿದ ಮೊನೆಗಳು ನಮ್ಮ ಕಣ್ಣೆದುರೇ ಮೊಂಡಾದವು. ಡಿಸೆಂಬರಾದರೂ ಮಂಗಳೂರಿನ ಬಿಸಿಲು ಎಂಟು ಗಂಟೆಗೇ ಬೆನ್ನು ಸುಡುವಂಥದ್ದು. ಅವಸರದಲ್ಲಿ ಅವರು ಐಸನ್ನು ಸ್ವಲ್ಪ ಸರಿಸಲು ಹೋದರು. ಅದು ಪಾಚಿ ಹಿಡಿದ ಮೆಟ್ಟಿಲ ಮೇಲೆ ಜಾರಿ, ಕೆರೆಗೆ ಇಳಿದು, ತೇಲತೊಡಗಿತು.

"ತೇಲ್ತದೆ! ನೋಡು, ತೇಲ್ತದೆ!" ಎಂದು ಕೂಗಿದರು. ಅಷ್ಟು ಸಂತೋಷ ಅವರ ಮುಖದಲ್ಲಿ ನಮ್ಮ ಮದುವೆಯ ದಿನವೂ ನಾನು ಕಂಡಿರಲಿಲ್ಲ. ಕ್ಯಾಮೆರಾವನ್ನು ಸ್ಟ್ಯಾಂಡು ಸಮೇತ ಎತ್ತಿಕೊಂಡು ಒಂದು ಮೆಟ್ಟಿಲು ಇಳಿದರು, ಇನ್ನೊಂದು ಇಳಿದರು, ಮೂರನೆಯದು ಅಲ್ಲಿ ಇರಲಿಲ್ಲ. ಎದೆಮಟ್ಟ ನೀರಿನಲ್ಲಿ, ಕ್ಯಾಮೆರಾವನ್ನು ಎರಡೂ ಕೈಯಿಂದ ತಲೆಯ ಮೇಲೆ ಹಿಡಿದು, ಕಪ್ಪು ಬಟ್ಟೆ ಹೆಗಲ ಮೇಲೆ ಒದ್ದೆಯಾಗಿ ಅಂಟಿಕೊಂಡು, ನನ್ನ ಗಂಡ ನಿಂತಿದ್ದರು. ಐಸು ಅವರನ್ನು ಮೆಲ್ಲನೆ ದಾಟಿಕೊಂಡು ಮುಂದೆ ಹೋಯಿತು.

"ಕ್ಯಾಮೆರಾ ಹಿಡ್ಕೋ," ಎಂದರು. ಹಿಡಿದುಕೊಂಡೆ. ಆಮೇಲೆ ನಾನು ನಕ್ಕದ್ದು ಮಾತ್ರ ಈಗ ನೆನೆದರೂ ನಾಚಿಕೆಯಾಗುವಷ್ಟು.

ಅವರು ನಗಲಿಲ್ಲ. ಬಟ್ಟೆ ಬದಲಿಸಿ ಚಾವಡಿಯಲ್ಲಿ ಕೂತರು. ಮರುದಿನವೂ, ಅದರ ಮರುದಿನವೂ ಐಸಿನ ಮಾತೆತ್ತಲಿಲ್ಲ. ಬಂದವರ ಫೋಟೋ ತೆಗೆದರು, "ಅಲ್ಲಾಡಬೇಡಿ" ಎಂದರು, ಅಷ್ಟೆ. ಊಟಕ್ಕೆ ಕೂತರೆ ತೆಳಿಯನ್ನು ವಾಲಿಸಿ ನೋಡುವುದೂ ನಿಂತುಹೋಯಿತು. ನನಗೆ ಅದು ಸಹಿಸಲಾಗಲಿಲ್ಲ. ಹುಚ್ಚು ಇದ್ದ ಗಂಡನನ್ನು ಗೇಲಿ ಮಾಡಬಹುದು, ಹುಚ್ಚು ಬಿಟ್ಟ ಗಂಡನನ್ನು ಏನು ಮಾಡುವುದು?

ಕ್ರಿಸ್ಮಸ್ಸಿಗೆ ಎರಡು ದಿನ ಇರುವಾಗ ಬೇಲಿಯಾಚೆಯ ಮನೆಯ ಟೀಚರ್ ನನ್ನನ್ನು ಕರೆದರು. ಅವರು ಕೊಂಕಣಿ ಮಾತಾಡುವ ಕ್ರಿಶ್ಚಿಯನರು, ಹುಡುಗಿಯರ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಅಣ್ಣನ ಮನೆಯವರು ಬರುತ್ತಾರೆಂದು ಐಸ್ಕ್ರೀಮು ಮಾಡುತ್ತಿದ್ದರು, ತಿರುಗಿಸಲು ಕೈ ಸಾಲದು. ಮರದ ಬಕೆಟ್ಟು, ಅದರೊಳಗೆ ತಗಡಿನ ಉದ್ದ ಡಬ್ಬಿ, ಎರಡರ ನಡುವೆ ಪುಡಿ ಮಾಡಿದ ಐಸು, ಮೇಲೆ ಮುಷ್ಟಿ ಮುಷ್ಟಿ ಕಲ್ಲುಪ್ಪು. ನಾನು ಹಿಡಿಕೆ ತಿರುಗಿಸುತ್ತ ಕೂತೆ. ಸ್ವಲ್ಪ ಹೊತ್ತಿಗೆ ಡಬ್ಬಿಯ ಹೊರಗೆ ಕಾಣುವ ಭಾಗದಲ್ಲಿ ಅಕ್ಕಿಹಿಟ್ಟು ಉದುರಿಸಿದ ಹಾಗೆ ಬೆಳ್ಳಗೆ ಏನೋ ಕಟ್ಟಿತು. ಉಗುರಿನಿಂದ ಕೆರೆದೆ. ಕರಗಿತು. ಕೈ ತೆಗೆದ ಮೇಲೆ ಮತ್ತೆ ಕಟ್ಟಿತು.

"ಟೀಚರ್, ಇದೆಂತ?"

"ಗಾಳಿಯಲ್ಲಿದ್ದ ನೀರು. ಉಪ್ಪು ಹಾಕಿದ್ರೆ ಐಸಿಗೆ ಇನ್ನೂ ತಂಪು ಬರ್ತದೆ. ಯಾಕೆ ಅಂತ ಕೇಳ್ಬೇಡ, ನಾನು ಕಲಿಸಿದ್ದು ಇತಿಹಾಸ. ನೀನು ತಿರುಗಿಸು ಮಾರಾಯ್ತಿ, ನಿಲ್ಲಿಸಿದ್ರೆ ಗಂಟು ಕಟ್ತದೆ."

ನಾನು ತಿರುಗಿಸಿದೆ, ಆದರೆ ನನ್ನ ಯೋಚನೆ ಬೇರೆ ಕಡೆ ತಿರುಗುತ್ತಿತ್ತು. ಕೆಲಸ ಮುಗಿದ ಮೇಲೆ ಉಳಿದ ಐಸನ್ನೂ ಒಂದು ಸೇರು ಉಪ್ಪನ್ನೂ ಕೇಳಿ ತಂದೆ. ನನ್ನ ಗಂಡ ಉರ್ವದಲ್ಲಿ ಒಂದು ಮನೆಯವರ ಫೋಟೋ ತೆಗೆಯಲು ಹೋಗಿದ್ದರು. ಕೆಟ್ಟುಹೋದ ಫೋಟೋಗಳ ಗಾಜಿನ ಪ್ಲೇಟುಗಳನ್ನು ಬಿಸಿನೀರು, ಸೋಡಾ ಹಾಕಿ ತೊಳೆದು ಒಣಗಿಸಿಡುವುದು ಮನೆಯಲ್ಲಿ ನನ್ನ ಕೆಲಸ. ಹಾಗಾಗಿ ಸ್ವಚ್ಛ ಗಾಜು ನಮ್ಮಲ್ಲಿ ರಾಶಿ ಇತ್ತು. ಬಿಸ್ಕತ್ತಿನ ಚಪ್ಪಟೆ ಡಬ್ಬಿಯೊಂದಕ್ಕೆ ಐಸು, ಉಪ್ಪು ತುಂಬಿ ಮುಚ್ಚಳ ಹಾಕಿದೆ. ಮುಚ್ಚಳದ ಮೇಲೆ ಒಂದು ಗಾಜು ಇಟ್ಟು, ಬೆರಳನ್ನು ನೀರಿಗೆ ಅದ್ದಿ ಅದರ ಮೇಲೆ ತೆಳ್ಳಗೆ ಸವರಿದೆ. ಕಾದು ಕೂತೆ.

ಮೊದಲು ಏನೂ ಆಗಲಿಲ್ಲ. ಆಮೇಲೆ ಒಂದು ಮೂಲೆಯಲ್ಲಿ ಸೂಜಿಯಷ್ಟು ಸಣ್ಣ ಗೆರೆ ಎದ್ದಿತು. ಅದರಿಂದ ಇನ್ನೊಂದು ಹೊರಟಿತು, ಅದರ ಎರಡೂ ಬದಿಗೆ ಎಲೆ, ಎಲೆಗೆ ಮತ್ತೆ ಎಲೆ. ನಾನು ನೋಡನೋಡುತ್ತಲೇ ಗಾಜಿನ ಮೇಲೆ ಒಂದು ಜರಿಗಿಡ ಹರಡಿಕೊಂಡಿತು. ಯಾರೂ ಬರೆಯುತ್ತಿರಲಿಲ್ಲ, ಅದೇ ಬರೆದುಕೊಳ್ಳುತ್ತಿತ್ತು.

ಆ ಹೊತ್ತಿಗೇ ನನ್ನ ಗಂಡ ಒಳಗೆ ಬಂದರು. ನಾನು ಗಾಜನ್ನು ಅಂಚಿನಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಎತ್ತಿದೆ. ಅವರು ಹೆಗಲ ಮೇಲಿನ ಸ್ಟ್ಯಾಂಡನ್ನು ಇಳಿಸುವುದನ್ನೂ ಮರೆತು ನಿಂತರು.

"ಅಲ್ಲಾಡಬೇಡ," ಎಂದರು.

ನಾನು ಅಲ್ಲಾಡಲಿಲ್ಲ. ಆದರೆ ಜರಿಗಿಡ ಕೇಳಬೇಕಲ್ಲ. ಅವರು ಕ್ಯಾಮೆರಾ ಬಿಚ್ಚುವಷ್ಟರಲ್ಲಿ ಅದು ನೀರಾಗಿ ನನ್ನ ಮೊಣಕೈಯವರೆಗೆ ಹರಿದಿತ್ತು.

ಆ ಸಂಜೆ ಬೆಳಕಿರುವ ತನಕ, ಮರುದಿನ ಹೊಸ ಐಸು ತರಿಸಿ ಮಧ್ಯಾಹ್ನದ ತನಕ, ನಾವಿಬ್ಬರೂ ಅದೇ ಕೆಲಸದಲ್ಲಿದ್ದೆವು. ಅವರು ಒಂದು ಗಾಜಿನ ಮೇಲೆ ಕಾಡಿಗೆಯಿಂದ ಗೆರೆ ಎಳೆದು, ಅದನ್ನು ಕಿಟಕಿಯ ಎದುರು ಮರದ ಚೌಕಟ್ಟಿನಲ್ಲಿ ನಿಲ್ಲಿಸಿ, ಕ್ಯಾಮೆರಾದ ನೋಟವನ್ನು ಅದಕ್ಕೆ ಸರಿಯಾಗಿ ಹೊಂದಿಸಿಟ್ಟರು. ಹೆಪ್ಪುಗಟ್ಟಿದ ಗಾಜನ್ನು ನಾನು ಓಡಿಬಂದು ಅದೇ ಚೌಕಟ್ಟಿಗೆ ಸಿಕ್ಕಿಸಬೇಕು, ಸಿಕ್ಕಿಸಿದ ಕೂಡಲೇ ಅವರು ತೆಗೆಯಬೇಕು. ಒಮ್ಮೆ ನಾನು ತಲೆಕೆಳಗಾಗಿ ಸಿಕ್ಕಿಸಿದೆ. ಒಮ್ಮೆ ನಾನು ಸೀನಿದೆ, ಇಡೀ ಕಾಡು ಮಾಯವಾಯಿತು. ಒಮ್ಮೆ ಎಲ್ಲವೂ ಸರಿಯಾಗಿತ್ತು, ಕ್ಯಾಮೆರಾಕ್ಕೆ ಪ್ಲೇಟು ಹಾಕಲು ಅವರೇ ಮರೆತಿದ್ದರು. ಆಗ ನಾನು ಏನೂ ಹೇಳಲಿಲ್ಲ. ಹೇಳದೆ ಇದ್ದದ್ದನ್ನು ಗಮನಿಸಿ ಅವರೇ, "ಹೇಳು, ಹೇಳಿಬಿಡು," ಎಂದರು. ಅಂತೂ ಅವರು ನಕ್ಕರು, ನಾಲ್ಕು ದಿನಗಳ ನಂತರ.

ಕೊನೆಯ ಗಾಜಿನ ಹೊತ್ತಿಗೆ ನನ್ನ ಬೆರಳುಗಳು ನನ್ನವೇ ಅಲ್ಲ ಎನಿಸುತ್ತಿತ್ತು. ಮಾಮಿ ಬಿಸಿನೀರು ತಂದು, ನನ್ನ ಎರಡೂ ಕೈಯನ್ನು ಅದರಲ್ಲಿ ಮುಳುಗಿಸಿ ಹಿಡಿದರು. "ನನ್ನ ಮಗನಿಗೆ ಹುಚ್ಚು ಇತ್ತು, ಸರಿ. ನಿನಗೆ ಯಾವಾಗಿಂದ?" ಎಂದರು. ಬೈಗುಳ ಹೌದು, ಆದರೆ ಕೈ ಬಿಡಲಿಲ್ಲ.

ಮೂರು ಫೋಟೋ ಚೆನ್ನಾಗಿ ಬಂದವು. ಹೊಸ ವರ್ಷ ಕಳೆದು ವಿಜ್ಞಾನದ ಮಾಸ್ಟ್ರು ಬಂದಾಗ ನನ್ನ ಗಂಡ ಏನೂ ಅರಿಯದವರ ಹಾಗೆ ಅವುಗಳನ್ನು ಮೇಜಿನ ಮೇಲೆ ಇಟ್ಟರು. ಮಾಸ್ಟ್ರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು.

"ಇದು ಎಲ್ಲಿಯದ್ದು?"

"ಇಲ್ಲಿಯದ್ದೇ. ಆ ಕಿಟಕಿಯದ್ದು."

ನನ್ನ ಗಂಡ ಎಲ್ಲವನ್ನೂ ವಿವರಿಸಿದರು. ಮಾಸ್ಟ್ರು ಒಂದು ಫೋಟೋವನ್ನು ಕಿಟಕಿಯ ಹತ್ತಿರ ಒಯ್ದು ಹಿಡಿದರು. ಆಮೇಲೆ, "ನಾನು ಅಲ್ಲಿದ್ದ ಎರಡೂ ಚಳಿಗಾಲ ನನ್ನ ಕೋಣೆಯ ಕಿಟಕಿಯಲ್ಲಿ ಹೀಗೇ ಕಟ್ಟುತ್ತಿತ್ತು. ದಿನಾ ಬೆಳಿಗ್ಗೆ ಕೈಯಿಂದ ಒರೆಸಿ ಹೊರಗೆ ನೋಡ್ತಿದ್ದೆ," ಎಂದರು. "ಇದನ್ನು ಮಕ್ಕಳಿಗೆ ತೋರಿಸ್ಬೇಕು, ಒಂದು ಕೊಡಿ. ಎಂಥಾ ತಲೆ ನಿಮ್ಮದು!"

"ತಲೆ ನನ್ನದಲ್ಲ," ಎಂದು ನನ್ನ ಗಂಡ ಬಾಗಿಲ ಕಡೆ ತಿರುಗಿದರು. "ಬಾ ಇಲ್ಲಿ. ಐಸು ಮಾಡಿದ್ದು ಇವಳು. ನಾನು ಬರೀ ಫೋಟೋ ತೆಗೆದದ್ದು."

ಗಂಡಸರು ಕೂತಲ್ಲಿಗೆ ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು. ನಾನು ಬಂದು ನಿಂತು, "ಕಾಫಿ ಕುಡೀತೀರಾ?" ಎಂದೆ. ಮಾಸ್ಟ್ರು ಎದ್ದು ನಿಂತು ಕೈಮುಗಿದರು. ನಾನು ಒಳಗೆ ಓಡಿ ಕಾಫಿಗೆ ಸಕ್ಕರೆ ಎರಡು ಸಲ ಹಾಕಿದೆ.

ಎರಡನೆಯ ಫೋಟೋ ಟೀಚರಿಗೆ ಹೋಯಿತು. ಮೂರನೆಯದು ಸ್ಟುಡಿಯೋದ ಗೋಡೆಯಲ್ಲಿ ತೂಗಿತು. ಬಂದವರಲ್ಲಿ ಕೆಲವರು ಅದನ್ನು ಹಿಮಾಲಯ ಎಂದರು, ಕೆಲವರು ಕಸೂತಿ ಎಂದರು. ಮದುಮಗಳ ತಾಯಿಯೊಬ್ಬರು ಆ ಸೀರೆ ಯಾವ ಅಂಗಡಿಯದ್ದೆಂದು ಬಿಡದೆ ಕೇಳಿದರು. ಯುದ್ಧ ಬಂದ ಮೇಲೆ ಪ್ಲೇಟು ಸಿಗುವುದೇ ಕಷ್ಟವಾಯಿತು. ಇದ್ದ ನಾಲ್ಕನ್ನು ಮದುವೆಗಳಿಗೆಂದು ಕಾದಿರಿಸಬೇಕಾಯಿತು, ಐಸಿನ ಆಟ ಅಲ್ಲಿಗೆ ನಿಂತಿತು.

ಎಷ್ಟೋ ವರ್ಷದ ಮೇಲೆ ಒಂದು ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತು, ನಾನು ಆ ಫೋಟೋದ ಧೂಳು ಒರೆಸುತ್ತ ಕೇಳಿದೆ. "ನಿಜವಾಗಿ ಗಟ್ಟಿಯಾದ ಕೆರೆಯನ್ನು ಒಮ್ಮೆ ಹೋಗಿ ನೋಡ್ಬೇಕು ಅಂತ ನಿಮಗೆ ಅನಿಸುವುದಿಲ್ವಾ?"

ಅವರು ಆರಾಮ ಕುರ್ಚಿಯಲ್ಲಿ ಕಾಲು ಚಾಚಿ, ಗಾಜಿನ ಹಂಚಿನಿಂದ ಬಿದ್ದ ಬಿಸಿಲನ್ನು ಮುಖದ ಮೇಲೆ ಬಿಟ್ಟುಕೊಂಡು ಕಣ್ಣು ಮುಚ್ಚಿದರು.

"ಅಲ್ಲಿ ಸ್ನಾನ ಹೇಗೆ ಮಾಡ್ತಾರೋ ಏನೋ," ಎಂದರು.