ಬಲಗಡೆಯ ಜೇಬು

ಅವರ ಎಡಗೈ ಹೆಬ್ಬೆರಳಿನ ಉಗುರೊಂದೇ ಉದ್ದವಾಗಿತ್ತು. ಹಳದಿಗಟ್ಟಿ, ತುದಿಯಲ್ಲಿ ಚಮಚದಂತೆ ಬಾಗಿತ್ತು. ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಯುವ ಮೊದಲು ಆ ಉಗುರಿನಿಂದ ಒಮ್ಮೆ ಗೀರಿ ನೋಡುತ್ತಿದ್ದರು. "ಉಣ್ಣಿ ಅರಿವಿ ಮರೀತೈತಿ ತಮ್ಮಾ, ಗೀರು ತಾನ ಮುಚ್ಚಿಕೊಂತೈತಿ. ಈ ಟೆರಿಕಾಟ್ ಮರಿಯಂಗಿಲ್ಲ" ಎನ್ನುತ್ತಿದ್ದರು. ಅಥವಾ ಇದನ್ನೇ ಹಿಂದುಮುಂದಾಗಿ ಹೇಳಿದ್ದರೋ ಏನೋ. ಧಾರವಾಡದಲ್ಲಿ ಇತಿಹಾಸ ಓದಿದವನು ನಾನು. ಪುರಾವೆ ಇಲ್ಲದ ಮಾತನ್ನು ನಂಬಬಾರದೆಂದು ಕಲಿತ ಮೇಲೆ ನನ್ನ ನೆನಪನ್ನೇ ಮೊದಲು ಅನುಮಾನಿಸುವ ಚಟ ಹತ್ತಿತು. ಆದರೆ ಆ ಉಗುರು ಮಾತ್ರ ನಿಜ.

ಅವರು ನಮ್ಮ ಟೇಲರ್ ಮಾಸ್ತರರು. ಊರು ತಿಕೋಟಾ. ದಿನಾ ಬೆಳಗಿನ ಬಸ್ಸಿಗೆ ವಿಜಯಪುರಕ್ಕೆ ಬಂದು ಸಂಜೆ ಬಸ್ಸಿಗೆ ಮರಳುತ್ತಿದ್ದರು. ಆಗ ನಾವೆಲ್ಲ ಬಿಜಾಪುರ ಅನ್ನುತ್ತಿದ್ದೆವು. ಸ್ಟೇಷನ್ ರಸ್ತೆಯ ಒಳ ಓಣಿಯಲ್ಲಿದ್ದ ಅವರ ಅಂಗಡಿಯಲ್ಲಿ ಎದುರುಬದುರಾಗಿ ಎರಡು ಕಬ್ಬಿಣದ ಸಲಾಕೆಗಳಿದ್ದವು. ಎಡಗಡೆಯ ಸಲಾಕೆಗೆ ಹಳೆಯ ಸೂಟುಗಳು: ಪುಣೆ, ಸೊಲ್ಲಾಪುರದ ಕಡೆ ಸತ್ತವರ, ನಿವೃತ್ತರಾದವರ, ಊರು ಬಿಟ್ಟವರ ಮನೆಗಳಿಂದ ಕೊಂಡು ತಂದವು. ಬಲಗಡೆಗೆ ಹೊಸವು. ಆ ವರ್ಷಗಳಲ್ಲಿ ಸಿನಿಮಾದ ಪ್ರಭಾವದಿಂದ ಅಗಲ ಕಾಲರಿನ, ಎರಡು ಸಾಲು ಗುಂಡಿಯ ಹಳೆಯ ಮಾದರಿ ಮತ್ತೆ ಬಂದಿತ್ತು. ಮದುವೆಯ ಹುಡುಗರು ಬಂದು "ಬ್ರಿಟಿಷರ ಕಾಲದ್ದರಂಗ ಹೊಲೀರಿ" ಎಂದು ಕೇಳುತ್ತಿದ್ದರು. ಮಾಸ್ತರರು ಹೊಲಿಯುತ್ತಿದ್ದರು, ಹೊಲಿಯುತ್ತಲೇ ಬಯ್ಯುತ್ತಿದ್ದರು.

"ಹಳೇದು ಬೇಕಂದ್ರ ಹಳೇದ ತಗೋ. ಹೊಸಾದು ಬೇಕಂದ್ರ ಹೊಸಾದರಂಗ ಹೊಲಿಸು. ಹಳೇದರಂಗ ಹೊಸಾದು ಅಂದ್ರ ಏನದು? ಬಯಲಾಟದ ರಾಜನ ವೇಷ!"

ಎಂ.ಎ. ಓದುವಾಗ ರಜೆಗೆ ಬಂದರೆ ನನ್ನ ಅರ್ಧ ಹೊತ್ತು ಅಲ್ಲೇ ಕಳೆಯುತ್ತಿತ್ತು. ಎರಡೂ ಸಲಾಕೆಗಳಿಂದ ಒಂದೊಂದು ಕೋಟು ಇಳಿಸಿ ನನ್ನ ತೊಡೆಯ ಮೇಲೆ ಹಾಕಿ "ಯಾವುದು ಅಸಲಿ, ಹೇಳು" ಅನ್ನುತ್ತಿದ್ದರು. ಕಾಲರು ಎತ್ತಿ ಒಳಗಿನ ಕೈಹೊಲಿಗೆ ನೋಡಬೇಕು. ಎದೆಯ ಭಾಗವನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿದರೆ ಒಳಪದರ ಬೇರೆಯಾಗಿ ಸರಿದಾಡಬೇಕು. ಅಂಟಿಸಿದ್ದಾದರೆ ಅದು ಹೊಸದು. ಕೋಟು ತಿರುವುವುದನ್ನು ತೋರಿಸಿದವರೂ ಅವರೇ. ಕೋಟು ಮಾಸಿ ಮಿರುಗತೊಡಗಿದಾಗ ಹೊಲಿಗೆಯನ್ನೆಲ್ಲ ಬಿಚ್ಚಿ, ಬಟ್ಟೆಯ ಒಳಮೈಯನ್ನು ಹೊರಗೆ ಮಾಡಿ ಮತ್ತೆ ಹೊಲಿಯುವುದು. ಕೋಟು ಹೊಸದರಂತಾಗುತ್ತದೆ, ಆದರೆ ಎಡವೆಲ್ಲ ಬಲವಾಗುತ್ತದೆ. ಎದೆಯ ಜೇಬಿಗೆ ಮೊದಲೇ ಬಟ್ಟೆ ಸೀಳಿರುವುದರಿಂದ ಅದನ್ನು ಸರಿಸಲಾಗದು. "ಎದಿ ಜೇಬು ಬಲಕ್ಕ ಬಂತಂದ್ರ ತಿರುವಿದ್ದು ಅಂತ ತಿಳಕೋ. ದೇವರು ಬಂದ್ರೂ ಅದನ್ನ ಮುಚ್ಚಾಕ ಆಗಂಗಿಲ್ಲ" ಎಂದಿದ್ದರು.

ನಮ್ಮ ಮನೆಗೆ ಅವರು ಯಾಕೆ ಬೇಕಾದವರು ಎಂಬುದನ್ನು ಹೇಳಬೇಕು. ನಮ್ಮ ಓಣಿಯ ಪ್ರತಿ ಮನೆಯ ಗೋಡೆಯ ಮೇಲೂ ಸೂಟು ತೊಟ್ಟು ಸಂವಿಧಾನ ಹಿಡಿದವರೊಬ್ಬರ ಅದೇ ಚಿತ್ರವಿತ್ತು. ನಮಗೆ ಸೂಟು ಬರೀ ಉಡುಪಾಗಿರಲಿಲ್ಲ. ಹೊನವಾಡದಿಂದ ಬಂದು ಕೋರ್ಟಿನ ಕಚೇರಿಯಲ್ಲಿ ಜವಾನನಾಗಿ ಸೇರಿದ ಅಪ್ಪ ಮುಂದೆ ಕಾರಕೂನನಾದ. ಇಂಗ್ಲಿಷ್ ಜಡ್ಜನೊಬ್ಬ ದೇಶ ಬಿಟ್ಟು ಹೋಗುವಾಗ ಅವನ ಸಾಮಾನುಗಳ ಲಿಲಾವಿನಲ್ಲಿ ಕಡುನೀಲಿ ಸೂಟೊಂದನ್ನು ಹಿಡಿದ. ಅದನ್ನು ಮೈಗೆ ಸರಿಮಾಡಿಸಲು ಅಪ್ಪ ಮೂರು ಅಂಗಡಿ ಹತ್ತಿಳಿದನಂತೆ. ನಮ್ಮವರ ಅಳತೆಯನ್ನು ಆಗ ಟೇಲರರು ಮೈ ಮುಟ್ಟದೆ, ದೂರದಿಂದ ಕಣ್ಣಳತೆಯಲ್ಲೇ ತೆಗೆಯುತ್ತಿದ್ದರು. ನಾಲ್ಕನೆಯ ಅಂಗಡಿ ಮಾಸ್ತರರದು. ಅವರು ಅಪ್ಪನನ್ನು ಒಳಗೆ ಕರೆದು, ಕೊರಳಿಗೆ ಟೇಪು ಸುತ್ತಿ, ಹೆಗಲ ಮೇಲೆ ಅಂಗೈಯಿಟ್ಟು "ಸಡಲ ನಿಂದ್ರ ಮಾರಾಯಾ, ನಾ ಏನ್ ಪೊಲೀಸ ಅಲ್ಲ" ಎಂದರಂತೆ. ಈ ಮಾತನ್ನು ಅಪ್ಪ ಸಾಯುವವರೆಗೂ ಹೇಳಿದ. ಆ ಕೈಯನ್ನು ನಾನೇ ನೋಡಿದ ಹಾಗೆ ನನಗೆ ನೆನಪಿದೆ, ನಾನಿನ್ನೂ ಹುಟ್ಟಿರದಿದ್ದರೂ.

ಅಪ್ಪ ತೀರಿಕೊಂಡ ಮೇಲೆ ಸೂಟು ಅವ್ವನ ಟ್ರಂಕು ಸೇರಿತು, ಬೇವಿನೆಲೆ ಮತ್ತು ಡಾಂಬರ ಗುಳಿಗೆಗಳ ನಡುವೆ. ನನಗೆ ಕಾಲೇಜಿನ ಕೆಲಸಕ್ಕೆ ಸಂದರ್ಶನದ ಪತ್ರ ಬಂದಾಗ ಅವ್ವನೇ ಅದನ್ನು ತೆಗೆದಳು. "ನಿಮ್ಮಪ್ಪ ಜವಾನ ಆಗಿ ಆ ಸಾಹೇಬರ ಮುಂದ ನಿಂತಿದ್ದ. ನೀ ಇದನ್ನ ಹಾಕ್ಕೊಂಡು ಅವರ ಎದುರಿಗೆ ಕುಂದ್ರು" ಎಂದಳು. ನನಗೂ ಬೇರೆ ಯಾವ ಸೂಟೂ ಬೇಡವಾಗಿತ್ತು. ಕೋಟು, ಪ್ಯಾಂಟು, ಕೋಟಿನೊಳಗೆ ತೊಡುವ ತೋಳಿಲ್ಲದ ಜಾಕೀಟು, ಮೂರನ್ನೂ ಗಂಟು ಕಟ್ಟಿ ಮಾಸ್ತರರಿಗೆ ಕೊಟ್ಟೆ. ಅವರು ಕೋಟಿನ ಎಡತೋಳಿನ ತುದಿಯನ್ನು ಮುಟ್ಟಿ ನೋಡಿದರು. ಅಲ್ಲಿ ಸೈಕಲ್ಲಿಗೆ ಸಿಕ್ಕು ಹರಿದದ್ದನ್ನು ಅವ್ವ ತಿಳಿನೀಲಿ ದಾರದಲ್ಲಿ ರಫೂ ಮಾಡಿದ್ದಳು. ಜೋಳದ ಕಾಳಿನಷ್ಟು ದೊಡ್ಡ ಗುರುತು.

"ತಂಗೆವ್ವ ಹಾಕಿದ ಹೊಲಿಗಿ ಇದು, ನಿಮ್ಮವ್ವಂದು. ನನ್ನ ಕಡೆ ಕೊಡಬಾರದಿತ್ತೇನು?" ಎಂದು ನಕ್ಕರು.

ಸಂದರ್ಶನದ ಹಿಂದಿನ ದಿನ ಹೋದಾಗ ಸೂಟು ಸಿದ್ಧವಾಗಿತ್ತು. ಹೊಳೆಯುವ ಕಡುನೀಲಿ. ನಾನು ಗುರುತು ಹಿಡಿಯಲಾರದೆ ನಿಂತೆ.

"ತಿರುವಿ ಹೊಲದೇನಿ, ಅದಕ್ಕ ಹೊಸಾದು ಕಂಡಂಗ ಕಾಣಾಕತ್ತೈತಿ. ತೋಳಿನ ತುದಿ ಸವದಿತ್ತು, ಕತ್ತರಿಸಿ ಒಳಗ ಮಡಚೇನಿ. ಜಾಕೀಟಿಗೆ ನುಸಿ ಹತ್ತಿತ್ತು, ತಿಪ್ಪಿಗೆ ಒಗದ್ನಿ" ಎಂದರು. ಹಣ ಕೊಡಹೋದರೆ ಕೈ ತಳ್ಳಿದರು. "ನಿಮ್ಮಪ್ಪನ ಹೆಸರ ಮ್ಯಾಲ ಇರ್ಲಿ ಹೋಗೋ."

ಕನ್ನಡಿಯ ಮುಂದೆ ನಿಂತು ನೋಡಿಕೊಂಡೆ. ಕಾಲರು ಎತ್ತಲಿಲ್ಲ, ಎದೆ ಉಜ್ಜಲಿಲ್ಲ, ಜೇಬು ಯಾವ ಕಡೆ ಎಂದು ನೋಡಲಿಲ್ಲ. ಅವರೇ ಕಲಿಸಿದ ಪರೀಕ್ಷೆಯನ್ನು ಅವರ ಮೇಲೆ ಯಾಕೆ ಮಾಡಲಿ?

ಮನೆಯಲ್ಲಿ ಅವ್ವ ಕೋಟಿನ ಹೆಗಲಿಗೆ ಮೂಗು ಹಚ್ಚಿದಳು. "ಇದರಾಗ ನಿಮ್ಮಪ್ಪ ಇಲ್ಲಲ್ಲೋ."

"ಬಿಚ್ಚಿ, ತೊಳದು, ತಿರುವ್ಯಾರ ಬೇ. ವಾಸನಿ ಎಲ್ಲಿ ಉಳೀತೈತಿ?" ಎಂದೆ, ಓದಿದವನ ಗತ್ತಿನಲ್ಲಿ.

ಕೆಲಸ ಸಿಕ್ಕಿತು. ಸಂದರ್ಶನದಲ್ಲಿ ನನ್ನ ದನಿ ನಡುಗದಿದ್ದುದಕ್ಕೆ ಆ ಕೋಟೇ ಕಾರಣ ಎಂದು ನಂಬಿದ್ದೆ. ಅಪ್ಪ ನನ್ನ ಬೆನ್ನಿಗೆ ಕೂತಿದ್ದಾನೆ ಎನ್ನುವಂಥ ಮಾತು ನನ್ನಂಥವನಿಗೆ ಒಪ್ಪುವಂಥದಲ್ಲ. ಆದರೂ ಅದೇ ನನ್ನ ಅನುಭವವಾಗಿತ್ತು.

ಮುಂದಿನ ವರ್ಷ ಬಬಲೇಶ್ವರದ ಶಾಲೆಯೊಂದರಲ್ಲಿ ಬಹುಮಾನ ಹಂಚಲು ಕರೆದರು. ಅಧ್ಯಕ್ಷತೆ ಅಲ್ಲಿಯ ಒಬ್ಬ ಸಾಹುಕಾರರದು. ವೇದಿಕೆಯ ಮೇಲೆ ನಮ್ಮಿಬ್ಬರ ಕುರ್ಚಿ ಪಕ್ಕಪಕ್ಕದಲ್ಲಿ. ಅವರೂ ಕಡುನೀಲಿ ಸೂಟಿನಲ್ಲಿ ಬಂದಿದ್ದರು. ಹೊಟ್ಟೆ ದೊಡ್ಡದು, ಕೋಟಿಗೆ ಗುಂಡಿ ಹಾಕಿರಲಿಲ್ಲ. ಮಕ್ಕಳು ಸ್ವಾಗತಗೀತೆ ಹಾಡುತ್ತಿರುವಾಗ ನನ್ನ ಕಡೆ ಬಾಗಿ ನನ್ನ ತೋಳನ್ನು ಬೆರಳಲ್ಲಿ ಹಿಡಿದು ನೋಡಿದರು.

"ಹೊಸಾದು ಹೊಲಿಸೀರಿ, ಹೌದಲ್ರಿ ಸರ? ಹಳೇ ಮಾದರಿ ಮ್ಯಾಲ?"

"ಇಲ್ರಿ, ಹಳೇದ."

ಅವರು ನಕ್ಕರು. "ಹಳೇದು ಅಂದ್ರ ಇದು ನೋಡ್ರಿ. ಇಂಗ್ಲಿಷ್ ಜಡ್ಜಂದು. ಬಿಜಾಪುರದ ಟೇಲರ ನನಗಂತ ತಿರುವಿ ಕೊಟ್ಟಾನ. ನಿಮ್ಮದೂ ಚಲೋ ಐತಿ ಬಿಡ್ರಿ, ನಕಲಿ ಅಂತ ಅನಸಂಗಿಲ್ಲ."

ಅವರು ಎದೆ ತಟ್ಟಿಕೊಂಡ ಕಡೆ ನೋಡಿದೆ. ಜೇಬು ಬಲಕ್ಕಿತ್ತು. ತಟ್ಟಿದ ಕೈಯ ತೋಳಿನ ತುದಿ ನೋಡಿದೆ. ಬಲತೋಳು. ಜೋಳದ ಕಾಳಿನಷ್ಟು ತಿಳಿನೀಲಿ. ತಿರುವಿದಾಗ ಎಡವೆಲ್ಲ ಬಲವಾಗುತ್ತದೆ. ನನ್ನ ಎದೆಯನ್ನು ಮುಟ್ಟಿ ನೋಡಿಕೊಂಡೆ. ನನ್ನ ಜೇಬು ಎಲ್ಲರಿಗಿರುವಂತೆ ಎಡಕ್ಕೇ ಇತ್ತು.

ಅಷ್ಟರಲ್ಲಿ ನನ್ನ ಹೆಸರು ಕರೆದರು. ಮೈಕಿನ ಮುಂದೆ ಹೋಗಿ ಪುರಾವೆಯಿಲ್ಲದೆ ಏನನ್ನೂ ನಂಬಬೇಡಿ ಎಂದು ಮಕ್ಕಳಿಗೆ ಇಪ್ಪತ್ತು ನಿಮಿಷ ಹೇಳಿದೆ. ಆ ಕೋಟಿನ ಬಗ್ಗೆ ಒಂದು ಮಾತೂ ಆಡಲಿಲ್ಲ.

ಮರುದಿನ ಅದೇ ಕೋಟು ತೊಟ್ಟು ಅಂಗಡಿಗೆ ಹೋದೆ. ಮಾಸ್ತರರು ಹೊಲಿಗೆ ಮಿಶನ್ ತುಳಿಯುತ್ತಿದ್ದರು.

"ನಮ್ಮಪ್ಪನ ಕೋಟು ಬಬಲೇಶ್ವರದಾಗ ಐತ್ರಿ" ಎಂದೆ. "ನನ್ನ ಜೇಬು ಎಡಕ್ಕೈತಿ. ಅವರದು ಬಲಕ್ಕ."

ಗಾಲಿ ತಾನಾಗಿ ನಿಲ್ಲುವವರೆಗೆ ಅವರು ತಲೆ ಎತ್ತಲಿಲ್ಲ. "ಅಷ್ಟು ಲಕ್ಷ್ಯ ಕೊಟ್ಟು ಕಲತಿದ್ದಿ ಅಂತ ಗೊತ್ತಿರಲಿಲ್ಲೋ ತಮ್ಮಾ" ಎಂದರು.

"ಮಾರಿದ್ರಿ?"

"ಬಿಚ್ಚಿ ಮೇಜಿನ ಮ್ಯಾಲ ಹಾಸಿದ್ದೆ. ಸಾಹುಕಾರ ಮಗನ ಮದುವಿ ಅರಿವಿ ಹೊಲಿಯಾಕ ಹಾಕಾಕ ಅಂತ ಬಂದವ ಅದನ್ನ ಕಂಡ. ಇಂಥಾ ಉಣ್ಣಿ ಈಗ ಎಲ್ಲಿ ಸಿಗತೈತಿ, ಇದು ನನಗ ಬೇಕ ಅಂದ. ಆ ಊರಿನ ಆರು ಮದುವಿ ಕೆಲಸ ಅವನ ಕೈಯಾಗಿತ್ತು."

"ಯಾರ ಕೋಟು ಅಂತ ಕೇಳಲಿಲ್ಲೇನು?"

"ಕೇಳಿದ. ಜಡ್ಜಂದು ಅಂದೆ. ಸುಳ್ಳಲ್ಲಲ್ಲ. ಮೊದಲ ಜಡ್ಜಂದ ಇತ್ತು" ಎಂದರು.

"ನಡುವ ನಮ್ಮಪ್ಪ ಇದ್ದಾನಲ್ರಿ! ಇಪ್ಪತ್ತೈದು ವರ್ಷ ಹಾಕ್ಕೊಂಡಾನ!"

"ನಿಮ್ಮಪ್ಪನ ಹೆಸರ ಹೇಳಿದ್ರ ಮೈಲಿಗಿ ಅಂತ ಕೋಟು ಅಲ್ಲೇ ಒಗದು ಜಳಕಕ್ಕ ಹೋಗತಿದ್ದ. ಮರುದಿನದಿಂದ ಒಬ್ಬ ಗಿರಾಕಿ ನನ್ನ ಹೊಸ್ತಿಲಾ ತುಳೀತಿರಲಿಲ್ಲ."

ಆಗ ನನಗೆ ಹೊಳೆದದ್ದನ್ನು ಕೇಳಿಯೇಬಿಟ್ಟೆ. "ಮಾಸ್ತರ್ರ, ಖರೇ ಹೇಳ್ರಿ. ನಮಗ ಬ್ಯಾರೆ ಟೇಪ ಇಟ್ಟಿದ್ರೇನು?"

ಅವರು ಕೊರಳಿನ ಟೇಪನ್ನು ತೆಗೆದು ಕೈಗೆ ಸುತ್ತಿಕೊಂಡರು. "ಟೇಪ ಒಂದ ಇತ್ತೋ ಯಪ್ಪಾ. ಒಂದ ಐತಿ ಅಂತ ಮಂದಿಗೆ ಹೇಳೋ ಧೈರ್ಯ ಇರಲಿಲ್ಲ."

ಹೀಗೇ ಹೇಳಿದರೇ? ಇದೇ ಶಬ್ದಗಳಲ್ಲಿ? ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಅವರ ಮೇಲಿನ ಸಿಟ್ಟು ತಾಳಲಾರದೆ ನಾನೇ ಈ ಮಾತನ್ನು ಅವರ ಬಾಯಿಗೆ ಹಾಕಿರಬಹುದು. ಟೇಪು ಸುತ್ತಿಕೊಂಡದ್ದಂತೂ ಖಂಡಿತ. ನಾನು ಆ ಕೋಟನ್ನು ಕಳಚಿ ಮೇಜಿನ ಮೇಲೆ ಒಗೆದು ಅಂಗಿಯಲ್ಲೇ ಮನೆಗೆ ನಡೆದದ್ದೂ ಖಂಡಿತ. ಅವ್ವ ಕೇಳಿದಾಗ ಇಸ್ತ್ರಿಗೆ ಕೊಟ್ಟೆ ಎಂದೆ.

ಮತ್ತೆ ಅವರ ಅಂಗಡಿ ಹತ್ತಲಿಲ್ಲ. ದಾರಿಯಲ್ಲಿ ಎರಡು ಸಲ ಎದುರಾದರು. ಎರಡು ಸಲವೂ ಓಣಿ ಬದಲಿಸಿದವನು ನಾನು. ಓದು, ಕೆಲಸ, ಸಂಬಳ ಎಲ್ಲ ಇದ್ದ ನನಗೆ ಸಾಹುಕಾರನ ಕುರ್ಚಿಯ ಪಕ್ಕ ಕೂತು ಬಾಯಿ ಬರಲಿಲ್ಲ. ಮಾಸ್ತರರಿಗೆ ಯಾಕೆ ಬರಬೇಕಿತ್ತು ಎಂದು ಕೆಲವೊಮ್ಮೆ ಅನಿಸುತ್ತಿತ್ತು. ಆದರೆ ಅನಿಸಿದ ಮಾತ್ರಕ್ಕೆ ಸಿಟ್ಟು ಇಳಿಯಲಿಲ್ಲ. ಬೇರೆ ಯಾರು ಮಾಡಿದ್ದರೂ ಅದು ಬರೀ ಕಳವು. ಅಪ್ಪನ ಹೆಗಲ ಮೇಲೆ ಕೈಯಿಟ್ಟವರು ಅಪ್ಪನನ್ನೇ ಆ ಕೋಟಿನಿಂದ ಬಿಚ್ಚಿ ತೆಗೆದಿದ್ದರು.

ಎರಡು ವರ್ಷದ ಮೇಲೆ ಅವರು ತೀರಿಕೊಂಡ ಸುದ್ದಿ ಬಂತು. ಮಣ್ಣಿಗೆ ಹೋಗಲಿಲ್ಲ. ತಿಂಗಳ ನಂತರ ಅವರ ಹೆಂಡತಿ ತಿಕೋಟಾಕ್ಕೆ ಬಂದು ಹೋಗಲು ಹೇಳಿಕಳಿಸಿದರು. ಹೋದೆ. ಆಕೆ ಚಹಾ ಕೊಟ್ಟು, ಒಳಗಿನಿಂದ ಹಳೆಯ ಧೋತರದಲ್ಲಿ ಸುತ್ತಿದ ಗಂಟೊಂದನ್ನು ತಂದಿಟ್ಟರು. ಒಳಗೆ ಜಾಕೀಟು.

"ಆ ಸಾಹುಕಾರಗ ಇದು ಹೊಟ್ಟಿಗೆ ಹತ್ತಲಿಲ್ಲಂತ್ರಿ. ನಿಮಗ ಮಾರಿ ತೋರಿಸಿ ಕೊಡಾಕ ಆಗಂಗಿಲ್ಲ ಅಂತ ಇಟಗೊಂಡ ಕುಂತಿದ್ರು. ಸಾಯೋ ಮುಂದ ಹೇಳ್ಯಾರ: ಅವಗ ಕೊಡು, ಇದನ್ನ ತಿರುವಿಲ್ಲ ಅಂತ ಹೇಳು."

ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ನುಸಿ ಹತ್ತಿದ ಒಂದು ತೂತೂ ಇರಲಿಲ್ಲ. ಪರೀಕ್ಷಿಸುವುದು ಸುಲಭ, ಒಳಹೊಲಿಗೆ ನೋಡಿದರೆ ಸಾಕು. ನೋಡಲಿಲ್ಲ. ಮನೆಗೆ ಬಂದು ಅವ್ವನ ಕೈಗೆ ಕೊಟ್ಟೆ.

ಅವ್ವ ಅದನ್ನು ಮುಖಕ್ಕೆ ಒತ್ತಿಕೊಂಡು ಬಹಳ ಹೊತ್ತು ಕೂತಳು. "ಇದು ಹೌದು" ಎಂದಳು. ಆಮೇಲೆ ನನ್ನ ಕಡೆ ನೋಡಿ, "ಹಂಗಾದ್ರ ಅದು ಯಾರ್ದು ಇತ್ತು? ನೀ ಒಂದ ವರ್ಷ ಹಾಕ್ಕೊಂಡಿದ್ದು?"

"ಮಾಸ್ತರ್ದು ಬೇ. ನನಗಂತ ಹೊಸಾದು ಹೊಲದಿದ್ರು."

ಅವ್ವನಿಗೆ ಆಶ್ಚರ್ಯವಾಗಲಿಲ್ಲ. "ಹೆಗಲಿಗೆ ಚಲೋ ಕುಂತಿತ್ತು ಮತ್ತ" ಎಂದಳು. ಅಳತೆಯನ್ನೇ ತೆಗೆಯದೆ, ಅಂಗಡಿಯಲ್ಲಿ ಕೂತೆದ್ದು ಹೋಗುತ್ತಿದ್ದ ನನ್ನನ್ನು ನೋಡಿಯೇ ಅವರು ಅದನ್ನು ಹೊಲಿದಿದ್ದರು.

ಅಪ್ಪನ ಕೋಟು ಇನ್ನೂ ಸಾಹುಕಾರರ ಊರಲ್ಲೇ ಯಾವುದೋ ಕಪಾಟಿನಲ್ಲಿ ಇರಬೇಕು. ಜೈನಾಪುರದ ಕಡೆ ಹೋಗುವಾಗ ಬಸ್ಸು ಬಬಲೇಶ್ವರದಲ್ಲಿ ನಿಲ್ಲುತ್ತದೆ. ಕಂಡಕ್ಟರ್ ಚಹಾಕ್ಕೆ ಇಳಿಯುತ್ತಾನೆ. ಸಾಹುಕಾರರ ಮನೆ ಅಲ್ಲಿಂದ ನೂರು ಹೆಜ್ಜೆ. ಆ ಕೋಟು ಯಾರದೆಂದು ಹೇಳುವ ಮಾತು ಪ್ರತಿ ಸಲವೂ ನನ್ನ ಬಾಯಲ್ಲಿ ಸಿದ್ಧವಾಗಿರುತ್ತದೆ. ಕಂಡಕ್ಟರ್ ಬಾಯಿ ಒರೆಸಿಕೊಳ್ಳುತ್ತ ಹತ್ತಿ ಗಂಟೆ ಬಾರಿಸುತ್ತಾನೆ, ನಾನು ಕೂತೇ ಇರುತ್ತೇನೆ.